ಅಗಲ ಕೌದಿ

ಗಾಳಿಗೆ ಬಾಗಿಲು ಹಾಕಿ ಬದುಕಿದವರಿಲ್ಲ ಎಂದು ನಂಬಿದ್ದ ಒಂದು ಊರು. ಎಲ್ಲಿದೆ ಎಂದು ಕೇಳಬೇಡಿ. ಕೇಳಿದವರಿಗೆ ಆ ಊರಿನವರು ಗಾಳಿ ಬರುವ ದಿಕ್ಕಿಗೆ ಕೈ ತೋರಿಸುತ್ತಾರೆ, ಅಷ್ಟೇ. ವರ್ಷಕ್ಕೊಮ್ಮೆ ಅಲ್ಲಿಗೆ ದೊಡ್ಡ ಗಾಳಿ ಬರುತ್ತದೆ. ಮಳೆಯನ್ನು ಹೆಗಲ ಮೇಲೆ ಹಾಕಿಕೊಂಡು, ಸಿಡಿಲನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತದೆ. ಬಂದದ್ದು ಬೀದಿಯಲ್ಲಿ ನಿಲ್ಲುವುದಿಲ್ಲ. ಸಲಿಗೆಯ ನೆಂಟರ ಹಾಗೆ ಸೀದಾ ಒಳಗೆ ಬಂದು, ಒಲೆಯ ಬೂದಿ ಕೆದಕಿ, ಖಾಲಿ ತೊಟ್ಟಿಲು ತೂಗಿ, ಆಮೇಲೆ ಮನೆಯ ಹೆಂಗಸರನ್ನು ಹುಡುಕುತ್ತದೆ. ಸಿಕ್ಕವರನ್ನು ಒಯ್ಯುತ್ತದೆ. ಒಯ್ದವರು ಸತ್ತರು ಎಂದು ಆ ಊರಿನವರು ಹೇಳುವುದಿಲ್ಲ. ತಿರುಗಿ ಬಂದರು ಎಂದು ಹೇಳಿದವರೂ ಇಲ್ಲ.

ಗಾಳಿಯಿಂದ ಉಳಿಸುವುದು ಒಂದೇ, ಕೌದಿ. ಹಳೆ ಸೀರೆ, ಹಳೆ ಧೋತರ, ಹರಿದ ಕುಬಸ, ಎಲ್ಲದರ ತುಂಡು ಕೂಡಿಸಿ, ಪದರಿನ ಮೇಲೆ ಪದರು ಹಾಕಿ, ಒತ್ತೊತ್ತಾಗಿ ಹೊಲಿದ ಕೌದಿ. ಅದನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಅಲ್ಲಾಡದೆ ಕೂತರೆ, ಗಾಳಿ ಸುತ್ತ ತಿರುಗಿ, ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿ, ಸಂದು ಸಿಗದೆ ಹೋಗುತ್ತದೆ. ಒಮ್ಮೆ ಗಾಳಿ ಮುಟ್ಟಿದ ಕೌದಿ ಮತ್ತೆ ನಡೆಯುವುದಿಲ್ಲ, ವರ್ಷವರ್ಷವೂ ಹೊಸದೇ ಬೇಕು. ಆದರೆ ಒಂದು ಮಾತು. ತಾನು ಹೊಲಿದ ಕೌದಿಯನ್ನು ತಾನು ಹೊದೆಯುವಂತಿಲ್ಲ. ಹೊಲಿದ ಕೈ, ಹೊದ್ದ ಮೈ ಒಂದೇ ಆದರೆ ಗಾಳಿಗೆ ವಾಸನೆ ಹತ್ತುತ್ತದೆ. ನಿನಗೆ ಇನ್ನೊಬ್ಬಳು ಹೊಲಿಯಬೇಕು, ನೀನು ಇನ್ನೊಬ್ಬಳಿಗೆ ಹೊಲಿಯಬೇಕು. ಯಾರು ಯಾರಿಗೆ ಎಂಬುದನ್ನು ಗಾಳಿ ಹೊಸ್ತಿಲಿಗೆ ಬರುವ ತನಕ ಹೇಳುವಂತಿಲ್ಲ, ಕೇಳುವಂತಿಲ್ಲ. ಹೇಳಿದವಳ ದಾರ ಕೊಳೆಯುತ್ತದೆ, ಕೇಳಿದವಳ ಸೂಜಿ ಮುರಿಯುತ್ತದೆ.

ಗಂಡಸರ ಗತಿ ಏನು ಅಂತೀರಾ? ಗಂಡಸರು ಜಾಣರು. ಗಾಳಿ ತಿಂಗಳು ಹುಟ್ಟುವ ಮೊದಲೇ ದನಕರು ಹೊಡೆದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಳನಾಡಿಗೆ ಇಳಿದುಬಿಡುತ್ತಾರೆ. ಮನೆಯಲ್ಲಿ ಉಸಿರಾಡುವವರು ಯಾರೂ ಇಲ್ಲದಿದ್ದರೆ ಗಾಳಿ ಮನೆಯನ್ನೇ ಎತ್ತಿಕೊಂಡು ಹೋಗುತ್ತದಂತೆ, ಅದಕ್ಕೆ ಹೆಂಗಸರು ಉಳಿಯಬೇಕಂತೆ. ಈ ನಿಯಮ ಮಾಡಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಆ ಊರಿನ ಒಂದು ಮನೆಯಲ್ಲಿ ಅತ್ತೆಯೂ ಹಿರಿಸೊಸೆಯೂ ಇದ್ದರು. ಬಹಳ ವರ್ಷ ಇಬ್ಬರೇ. ಅತ್ತೆ ಸೊಸೆಗೆ ಹೊಲಿಯುತ್ತಿದ್ದಳು, ಸೊಸೆ ಅತ್ತೆಗೆ ಹೊಲಿಯುತ್ತಿದ್ದಳು. ಅದರಲ್ಲಿ ಗುಟ್ಟು ಎಲ್ಲಿಂದ ಬರಬೇಕು? ಒಬ್ಬರ ಎದುರು ಒಬ್ಬರು ಕೂತು, ಬೆಳಗಿನ ರೊಟ್ಟಿ ಮುಗಿಸಿ, ಸಂಜೆಯ ದೀಪದವರೆಗೆ ಹೊಲಿಯುತ್ತಿದ್ದರು. ಅತ್ತೆಯ ಹೊಲಿಗೆ ಇರುವೆ ಸಾಲಿನ ಹಾಗೆ. ಊರಲ್ಲಿ ಅಂಥ ಹೊಲಿಗೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಗಾಳಿ ಬಂದಾಗ ಆ ಕೌದಿಯೊಳಗೆ ಹಿರಿಸೊಸೆ ನಿದ್ದೆ ಕೂಡ ಮಾಡಿದ್ದುಂಟು. ಆ ಕೌದಿ ತನ್ನದು, ಆ ಕೈ ತನ್ನದು, ಆ ಅತ್ತೆ ತನ್ನವಳು ಎಂದು ಅವಳಿಗೆ ಗಟ್ಟಿಯಾಗಿತ್ತು.

ಹಾಗಿರುವಾಗ ಕಿರಿಮಗನಿಗೆ ಮದುವೆಯಾಯಿತು. ಕಿರಿಸೊಸೆ ಬಂದಳು. ಬಂದವಳು ಕೆಟ್ಟವಳಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಹಿರಿಸೊಸೆಗೆ ಒಂದು ನೆಪ ಸಿಗುತ್ತಿತ್ತು. ಬಾವಿಗೆ ಹೋದರೆ ಎರಡು ಕೊಡ ತಂದಾಳು, ಮಾತಾಡಿದರೆ ನಗಿಸಿಯಾಳು, ಕೈಗೆ ಸೂಜಿ ಕೊಟ್ಟರೆ ಹೊಲಿದಾಳು. ಅತ್ತೆ ಅವಳ ಮಾತಿಗೆ ಬಾಯಿ ತುಂಬ ನಗುತ್ತಿದ್ದಳು. ತನ್ನ ಮಾತಿಗೆ ಅತ್ತೆ ಹಾಗೆ ನಕ್ಕದ್ದು ಯಾವಾಗ ಎಂದು ಹಿರಿಸೊಸೆ ರೊಟ್ಟಿ ಬಡಿಯುತ್ತ ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ, ರೊಟ್ಟಿ ಸೀದುಹೋಯಿತು.

ಗಾಳಿ ತಿಂಗಳು ಬಂತು. ಗಂಡಸರು ಕೆಳನಾಡಿಗೆ ಹೋದರು. ಅತ್ತೆ ಜೋಳದ ಗಡಿಗೆ ತಂದು ನಡುಮನೆಯಲ್ಲಿ ಇಟ್ಟಳು. ಮೂವರೂ ತಮ್ಮ ತಮ್ಮ ಸೆರಗಿನ ಚಿಂದಿ ಹರಿದು, ಅದರಲ್ಲಿ ಕಾಳು ಕಟ್ಟಿ, ಗಂಟು ಮಾಡಿ ಗಡಿಗೆಯೊಳಗೆ ಹಾಕಿದರು. ಕಣ್ಣು ಮುಚ್ಚಿ ಕೈ ಹಾಕಬೇಕು. ಯಾರ ಗಂಟು ಸಿಕ್ಕಿತೋ ಅವರಿಗೆ ಹೊಲಿಯಬೇಕು. ತನ್ನದೇ ತನಗೆ ಸಿಕ್ಕಿದರೆ ಎಲ್ಲರೂ ತಿರುಗಿ ಹಾಕಿ ತಿರುಗಿ ತೆಗೆಯಬೇಕು.

"ಗಾಳಿ ಬರತೈತಿ, ಕೌದಿ ಹೊಲೀರಿ," ಎಂದಳು ಅತ್ತೆ. ಆ ಊರಿನಲ್ಲಿ ಎಲ್ಲರ ಮನೆಯಲ್ಲೂ ಅಂದು ಅದೇ ಮಾತು.

ಹಿರಿಸೊಸೆ ಮೂಲೆಗೆ ಹೋಗಿ ಮುಷ್ಟಿ ಬಿಚ್ಚಿ ನೋಡಿದಳು. ಕಿರಿಸೊಸೆಯ ಕೆಂಪು ಚಿಂದಿ. ನಾನು ಇವಳಿಗೆ ಹೊಲಿಯಬೇಕು. ಹಾಗಾದರೆ ಅತ್ತೆ ಯಾರಿಗೆ?

ಬೆರಳು ಮಡಚಿ ಎಣಿಸಿದ್ದರೆ ಅಲ್ಲೇ ತಿಳಿಯುತ್ತಿತ್ತು. ಮನೆಯಲ್ಲಿ ಇರುವವರು ಮೂವರು. ತನಗೆ ತಾನು ಹೊಲಿಯುವಂತಿಲ್ಲ. ಹಿರಿಯಳು ಕಿರಿಯಳಿಗೆ ಹೊಲಿದರೆ, ಕಿರಿಯಳು ಅತ್ತೆಗೆ ಹೊಲಿಯಲೇಬೇಕು, ಅತ್ತೆ ಹಿರಿಯಳಿಗೆ ಹೊಲಿಯಲೇಬೇಕು. ದನ ಕಾಯುವ ಪೋರನಿಗೂ ಬರುವ ಲೆಕ್ಕ. ಹೊಟ್ಟೆಕಿಚ್ಚಿಗೆ ಬರಲಿಲ್ಲ. ಗಡಿಗೆ ಹಿಡಿದವಳು ಅತ್ತೆ, ಗಂಟು ಬದಲಿಸುವುದು ಎಷ್ಟು ಹೊತ್ತಿನ ಕೆಲಸ, ಕಿರಿಯಳ ಮೇಲೆ ಜೀವ ಇದ್ದವಳು ಬದಲಿಸದೆ ಬಿಡುತ್ತಾಳೆಯೇ ಎಂದು ಅದು ಬೇರೆಯೇ ಲೆಕ್ಕ ಹಾಕಿತು.

ಮೂವರೂ ಮೂರು ಕಂಬಕ್ಕೆ ಒರಗಿ ಹೊಲಿಯಲು ಕೂತರು. ಸೂಜಿ ಇಳಿಯಿತು, ಸೂಜಿ ಏರಿತು. ಹೊರಗೆ ಮೋಡ ಬಂತು, ಮೋಡ ಹೋಯಿತು.

ಅತ್ತೆಗೆ ಕಣ್ಣು ಮಂಜಾಗಿದ್ದವು. "ಬಾ ಇಲ್ಲೆ, ಸೂಜಿಗೆ ದಾರ ಪೋಣಿಸಿ ಕೊಡು," ಎಂದು ಕಿರಿಸೊಸೆಯನ್ನು ಕರೆದಳು.

"ತರ್ರಿ ಅತ್ತಿ, ಇದ್ದಬದ್ದ ಸೂಜಿ ಎಲ್ಲಾ ಪೋಣಿಸಿ ಇಡತೀನಿ. ನೀವು ಒಂದಾದ ಮ್ಯಾಲೊಂದು ತಗೊಂಡು ಹೊಲಕೋಂತ ಹೋಗ್ರಿ," ಎಂದಳು ಕಿರಿಸೊಸೆ.

"ಭಾಳ ಶ್ಯಾಣ್ಯಾಳಿದ್ದೀ ಬಿಡು," ಎಂದು ಅತ್ತೆ ನಕ್ಕಳು.

ಹಿರಿಸೊಸೆಯೂ ಅಲ್ಲೇ ಇದ್ದಳು. ಅವಳ ಕಣ್ಣು ಮಂಜಾಗಿರಲಿಲ್ಲ. ಅವಳಿಗೂ ದಾರ ಪೋಣಿಸಲು ಬರುತ್ತಿತ್ತು. ಯಾರೂ ಕರೆಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗಾಯಿತು. ಅತ್ತೆ ಕಿರಿಯಳ ತಟ್ಟೆಗೆ ಬೆಣ್ಣೆ ಹಾಕಿದರೆ ಬೆಣ್ಣೆಯ ಉಂಡೆ ಕಂಡಿತು, ತನ್ನ ತಟ್ಟೆಗೆ ಅದಕ್ಕಿಂತ ಮೊದಲೇ ಬಿದ್ದದ್ದು ಕಾಣಲಿಲ್ಲ. ಕಿರಿಯಳು ಕೂತ ಕಂಬಕ್ಕೆ ಬೆಳಕು ಜಾಸ್ತಿ ಬೀಳುತ್ತದೆ ಎನ್ನಿಸಿತು. ಅವಳು ಎದ್ದುಹೋದಾಗ ಹಿರಿಸೊಸೆ ಹೋಗಿ ಆ ಕಂಬಕ್ಕೆ ಕೂತು ನೋಡಿದಳು. ಬೆಳಕು ಅಷ್ಟೇ ಇತ್ತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

ಒಂದು ದಿನ ಅತ್ತೆ ಅಟ್ಟದ ಪೆಟ್ಟಿಗೆ ಇಳಿಸಿ, ತನ್ನ ಧಾರೆ ಸೀರೆ ಹೊರಗೆ ತೆಗೆದಳು. ಗಿಳಿಹಸಿರು ಮೈ, ದಾಳಿಂಬೆ ಕೆಂಪಿನ ಅಂಚು. ಹಿರಿಸೊಸೆ ಮದುವೆಯಾಗಿ ಬಂದ ವರ್ಷ ಅದನ್ನು ಒಂದು ಸಲ ಉಡುತ್ತೇನೆ ಎಂದು ಕೇಳಿದ್ದಳು. ಪೆಟ್ಟಿಗೆಯ ಕೀಲಿ ಸಿಗುತ್ತಿಲ್ಲ ಎಂದಿದ್ದಳು ಅತ್ತೆ. ಆಮೇಲೆ ಇವಳು ಕೇಳಿರಲಿಲ್ಲ. ಈಗ ಕೀಲಿ ಸಿಕ್ಕಿತ್ತು. ಅತ್ತೆ ಸೀರೆಯನ್ನು ಮಡಿಲಲ್ಲಿ ಹರವಿ, ಒಮ್ಮೆ ಸವರಿ, ಕತ್ತರಿ ಹಾಕಿದಳು. ಚರ್ ಎಂದು ಹರಿದದ್ದು ಸೀರೆ. ಹಿರಿಸೊಸೆಗೆ ತನ್ನ ಹೊಟ್ಟೆಯೇ ಹರಿದಂತಾಯಿತು.

ಎದುರು ಮನೆಯಾಕೆಗೆ ಅದು ಹೇಗೆ ಕೇಳಿಸಿತೋ. ಕತ್ತರಿಯ ಸದ್ದಿಗೆ ಬಾಗಿಲು ತೆರೆಯುವ ಜಾತಿ ಅವಳು. ದಾರದ ಉಂಡೆ ಕೇಳುವ ನೆಪದಲ್ಲಿ ಹಿತ್ತಲಿಗೆ ಬಂದು ಹಿರಿಸೊಸೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅಲ್ಲವಾ, ನಿಮ್ಮತ್ತಿ ಧಾರಿ ಸೀರಿಗೇ ಕತ್ತರಿ ಹಾಕ್ಯಾಳಂತಲ್ಲ," ಎಂದಳು.

"ಹಾಕಲೇಳು. ಆಕಿ ಸೀರಿ, ಆಕಿ ಕತ್ತರಿ. ನನಗೇನಾಗೂದೈತಿ?"

"ನಿನಗೇನೂ ಆಗೂದಿಲ್ಲ ಬಿಡು. ಆದರೂ ನೀ ಕೇಳಿದಾಗ ಕೀಲಿ ಸಿಗಲಿಲ್ಲ. ಹೊಸಾಕಿ ಬಂದ ಮ್ಯಾಲೆ ಸಿಕ್ತು ನೋಡು."

"ಯಾರಿಗೆ ಹೊಲಿಯಾಕತ್ತಾಳಂತ ಕೇಳಬಾರದು."

"ನಾ ಎಲ್ಲಿ ಕೇಳಿದ್ನಿ? ಕಣ್ಣಿದ್ದವರಿಗೆ ಕಾಣತೈತಿ," ಎಂದು ಎದುರು ಮನೆಯಾಕೆ ದಾರದ ಉಂಡೆ ತೆಗೆದುಕೊಳ್ಳುವುದನ್ನೂ ಮರೆತು ಹೋದಳು.

ಉರಿಯುವ ಒಲೆಗೆ ತುಪ್ಪ ಬಿತ್ತು. ಅಂದಿನಿಂದ ಹಿರಿಸೊಸೆಯ ಕೈ ಕೆಟ್ಟಿತು. ಇರುವೆ ಸಾಲಿನ ಎದುರು ಕೂತು ಕಲಿತ ಕೈ ಅದು, ಬೇಕಾದರೆ ಒತ್ತಾಗಿ ಹೊಲಿಯಬಲ್ಲದು. ಬೇಕಾಗಲಿಲ್ಲ. ಗೆದ್ದಲು ತಿಂದ ಧೋತರವನ್ನು ಒಳಪದರಿಗೆ ಹಾಕಿದಳು. ಮುಟ್ಟಿದರೆ ಪುಡಿಯಾಗುವ ಹಳೆ ಕುಬಸವನ್ನು ನಡುವೆ ತುರುಕಿದಳು. ಒಂದು ಗೇಣಿಗೆ ಒಂದು ಹೊಲಿಗೆ ಹಾಕುತ್ತ, ದಾರ ಎಳೆದಾಗ ಬಟ್ಟೆ ಮುದುಡಿದರೆ ಮುದುಡಲಿ ಎಂದು ಬಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅತ್ತೆಯ ಮೇಲಿನ ಸಿಟ್ಟು ಕಿರಿಯಳ ಕೌದಿಯ ಮೇಲೆ ತೀರುತ್ತಿತ್ತು. ಗಾಳಿ ಬಂದಾಗ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಪಾತ್ರೆ ತಿಕ್ಕುತ್ತಿದ್ದಳು. ಆ ತಿಂಗಳು ಅವರ ಮನೆಯ ಪಾತ್ರೆ ಥಳಥಳ ಹೊಳೆಯುತ್ತಿದ್ದವು.

ಕಿರಿಸೊಸೆ ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಮೂವರ ಲೆಕ್ಕ ಬರುತ್ತಿತ್ತು. ಅವಳಿಗೆ ಸಿಕ್ಕದ್ದು ಅತ್ತೆಯ ಚಿಂದಿ, ಆದ್ದರಿಂದ ಹಿರಿಯಳು ಹೊಲಿಯುವುದು ತನಗೆ ಎಂದು ಮೊದಲ ದಿನವೇ ತಿಳಿದಿದ್ದಳು.

"ಅಕ್ಕಾರ, ಹೊಲಿಗಿ ಭಾಳ ಉದ್ದ ಆದವಲ್ಲ," ಎಂದಳು ಒಂದು ಮಧ್ಯಾಹ್ನ, ಮೆಲ್ಲಗೆ.

"ನಿನ್ನ ಹೊಲಿಗಿ ನೀ ನೋಡ್ಕೋ."

"ಬಟ್ಟಿನೂ ಗೆದ್ದಲು ಹಿಡದೈತಿ."

"ಇದು ಯಾರಿಗಂತ ಕೇಳಾಕ ಬಂದೀಯೇನ? ಸೂಜಿ ಮುರೀತೈತಿ ನೋಡು," ಎಂದಳು ಹಿರಿಸೊಸೆ. ತಲೆ ಎತ್ತಲಿಲ್ಲ.

ಕಿರಿಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. ಒಂದು ಮಾತು ಆಡಿಯಾಳು, ಗದರಿಸಿಯಾಳು ಎಂದು ಆ ಹುಡುಗಿ ಕಾದಳು. ಅತ್ತೆ ಗಿಳಿಹಸಿರು ತುಂಡಿನ ಮೇಲೆ ಬಗ್ಗಿ, ಸೂಜಿ ಇಳಿಸಿ, ಸೂಜಿ ಏರಿಸಿ, ಸುಮ್ಮನೆ ಹೊಲಿಯುತ್ತಿದ್ದಳು. ಆ ಗಿಳಿಹಸಿರು ಯಾರ ಮೈಮೇಲೆ ಬೀಳುತ್ತದೆ ಎಂಬುದೂ ಕಿರಿಸೊಸೆಗೆ ಗೊತ್ತಿತ್ತು. ತನಗೆ ಗೆದ್ದಲು ಹಿಡಿದದ್ದು, ಅಕ್ಕನಿಗೆ ಧಾರೆ ಸೀರೆ. ಅವಳ ಕಣ್ಣಲ್ಲಿ ನೀರು ಬಂತು. ಅರ್ಧ ಹೊಲಿದಿದ್ದ ಕೌದಿಯನ್ನು ಮಡಚಿ, ಸೂಜಿಯನ್ನು ಅದಕ್ಕೇ ಚುಚ್ಚಿ, ಎದ್ದು ಹಿತ್ತಲಿಗೆ ಹೋದಳು. ಮರುದಿನ ಬಿಚ್ಚಲಿಲ್ಲ, ಅದರ ಮರುದಿನವೂ ಬಿಚ್ಚಲಿಲ್ಲ. ಅವಳ ನಗೆಯೂ ನಿಂತಿತು. ಹಿರಿಸೊಸೆಗೆ ಅದು ತಂಪೆನಿಸಿತು, ಸುಳ್ಳು ಯಾಕೆ ಹೇಳಬೇಕು.

ಅತ್ತೆಯ ಕೌದಿ ಮಾತ್ರ ಬೆಳೆಯುತ್ತ ಹೋಯಿತು. ಒಬ್ಬ ಹೆಂಗಸಿಗೆ ಬೇಕಾದಷ್ಟು ಅಗಲ ಎಂದೋ ಮುಗಿದಿತ್ತು. ಅತ್ತೆ ಅಂಚಿಗೆ ಇನ್ನೊಂದು ಅಂಚು ಕೂಡಿಸಿದಳು, ಅದಕ್ಕೆ ಮತ್ತೊಂದು. ಧಾರೆ ಸೀರೆ ಮುಗಿಯಿತು, ಸೀಮಂತದ ಸೀರೆ ಬಂತು. ಅದು ಮುಗಿಯಿತು, ಕಿರಿಮಗನನ್ನು ಹೊತ್ತು ತಿರುಗಿದ ಜೋಳಿಗೆಯ ಬಟ್ಟೆ ಬಂತು. ಒಂದೊಂದು ಅಂಚು ಕೂಡಿದಾಗಲೂ ಹಿರಿಸೊಸೆಯ ಎದೆಗೆ ಒಂದೊಂದು ಕೆಂಡ ಬಿತ್ತು. ಏನು ಆ ಹುಡುಗಿ ಆನೆಯೇ? ಇಷ್ಟು ಅಗಲ ಯಾಕೆ? ಹೊದೆಯುವುದಕ್ಕೋ, ಊರಿಗೆಲ್ಲ ಹರವಿ ತೋರಿಸುವುದಕ್ಕೋ? ಕಡೆಗೆ ತಾಳಲಾರದೆ ಅಂದೇಬಿಟ್ಟಳು.

"ಭಾಳ ಅಗಲ ಆತು ಅತ್ತಿ. ಅಂಥಾ ಮೈ ನಮ್ಮನ್ಯಾಗ ಯಾರಿಗೂ ಇಲ್ಲ."

"ಬೇಕಾದೀತು," ಎಂದಳು ಅತ್ತೆ. ಹಿರಿಸೊಸೆಯ ಮಡಿಲಲ್ಲಿ ಮುದುಡಿ ಬಿದ್ದಿದ್ದ ಕೌದಿಯನ್ನೂ, ಮೂಲೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಅರೆಕೌದಿಯನ್ನೂ ನೋಡಿ, ಇನ್ನೊಂದು ಅಂಚಿಗೆ ಕೈ ಹಾಕಿದಳು.

ಗಾಳಿ ಒಂದು ಇಳಿಹೊತ್ತಿನಲ್ಲಿ ಬಂತು. ಮೊದಲು ಕಾಗೆಗಳು ಹೋದವು. ಆಮೇಲೆ ನಾಯಿಗಳು ಬಾಲ ಮುದುರಿ ಕಟ್ಟೆಯ ಕೆಳಗೆ ಸೇರಿದವು. ಆಕಾಶ ಕಾದ ಹಂಚಿನ ಬಣ್ಣಕ್ಕೆ ತಿರುಗಿತು. ಬೀದಿಯುದ್ದಕ್ಕೂ ಹೆಂಗಸರು ಬಾಗಿಲುಗಳನ್ನು ತೆರೆದು ಕಲ್ಲು ಕೊಟ್ಟು ನಿಲ್ಲಿಸಿದರು. ಎಲ್ಲ ಮನೆಯಿಂದಲೂ ಒಂದೇ ಮಾತು ಕೇಳಿಸಿತು. ಗಾಳಿ ಬಂತು, ಕೌದಿ ಕೊಡ್ರಿ.

ಮೂವರೂ ನಡುಮನೆಯಲ್ಲಿ ಕೂತರು. ಅತ್ತೆ ಎರಡೂ ತೋಳಲ್ಲಿ ಹಿಡಿಯಲಾರದಷ್ಟು ದೊಡ್ಡ ಕೌದಿಯನ್ನು ಎತ್ತಿ ತಂದು ಹಿರಿಸೊಸೆಯ ಮಡಿಲಿಗೆ ಹಾಕಿದಳು.

"ಇದು ನಿನಗ," ಎಂದಳು.

ಗಿಳಿಹಸಿರು ಹಿರಿಸೊಸೆಯ ಕೈಯ ಕೆಳಗಿತ್ತು. ಇರುವೆ ಸಾಲು ಅತ್ತಿಂದಿತ್ತ ಇತ್ತಿಂದತ್ತ ಹರಿದಿತ್ತು. ಆಗ ಲೆಕ್ಕ ಬಂತು. ಮೂವರ ಲೆಕ್ಕ, ಎಷ್ಟು ಸಣ್ಣದು. ಪಕ್ಕದಲ್ಲಿ ಕಿರಿಸೊಸೆ ಏನೂ ಅನ್ನದೆ ಕೈ ಚಾಚಿ ಕೂತಿದ್ದಳು. ಆ ಕೈಗೆ ಕೊಡಬೇಕಾದದ್ದನ್ನು ಹಿರಿಸೊಸೆ ತನ್ನ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಅದನ್ನು ಎಳೆದು ತೆಗೆಯುವಾಗಲೇ ಒಂದು ಮೂಲೆ ಕಿತ್ತು ಬಂತು, ಒಳಗಿನ ಗೆದ್ದಲ ಮಣ್ಣು ನೆಲಕ್ಕೆ ಉದುರಿತು.

"ತಂಗೀ," ಎಂದಳು ಹಿರಿಸೊಸೆ.

"ಗೊತ್ತಿತ್ತು ಅಕ್ಕಾರ," ಎಂದಳು ಕಿರಿಸೊಸೆ. "ನಂದೂ ನೋಡ್ರಿ." ಮೂಲೆಯ ಅರೆಕೌದಿಯನ್ನು ತಂದು ಅತ್ತೆಯ ಮುಂದೆ ಇಟ್ಟಳು. ಎರಡೂ ತುದಿಗೆ ಹೊಲಿಗೆ ಬಿದ್ದಿತ್ತು, ನಡುವೆ ಪದರುಗಳು ಬಾಯಿಬಿಟ್ಟುಕೊಂಡಿದ್ದವು. "ನನಗ ಹರಕ ಹೊಲಿಯೂದು ನೋಡಿನೂ ನೀವು ಸುಮ್ಮನಿದ್ರಿ ಅತ್ತಿ. ನನ್ನ ಕೈ ನಡೀಲಿಲ್ಲ."

"ಬೈಯಾಕ ನಿಯಮ ಬಿಡಲಿಲ್ಲವಾ," ಎಂದಳು ಅತ್ತೆ. "ಬೈದಿದ್ರ ಯಾರಿಗಂತ ಗೊತ್ತಾಗತಿತ್ತು. ಅದಕ್ಕ ಅಗಲ ಮಾಡಿದ್ನಿ. ಇಬ್ಬರೂ ಅದರಾಗ ಹೋಗ್ರಿ. ಹಿಡಸತೈತಿ."

"ನೀವು?"

"ನಾ ಹೊಲದದ್ದು ನಾ ಹೊದಿಯಾಕ ಬರೂದಿಲ್ಲ."

ಬೀದಿಯ ತುದಿಯಲ್ಲಿ ಒಂದು ಸೂರು ಹಾರಿದ ಸದ್ದಾಯಿತು. ಹಿರಿಸೊಸೆ ಆ ಅರೆಕೌದಿಯನ್ನು ಎಳೆದುಕೊಂಡಳು. ಅದರ ಬಟ್ಟೆ ಗಟ್ಟಿಯಿತ್ತು, ಹೊಲಿಗೆ ಮಾತ್ರ ಬೇಕಿತ್ತು. "ಆ ತುದಿ ಹಿಡಿ," ಎಂದಳು ಕಿರಿಯಳಿಗೆ. ಒಂದು ಕೌದಿಗೆ ಎರಡು ಕೈ ಬೀಳಬಾರದೆಂದು ಯಾರೂ ಹೇಳಿರಲಿಲ್ಲ. ಹಾಗೆ ಹೊಲಿದವರೂ ಆ ಊರಲ್ಲಿ ಇರಲಿಲ್ಲ. ಕಿರಿಸೊಸೆ ಆ ಕಡೆಯಿಂದ ಹೊರಟಳು, ಹಿರಿಸೊಸೆ ಈ ಕಡೆಯಿಂದ. ನಡುವೆ ಕೂಡಬೇಕು. ಸೂಜಿ ಇಳಿಯಿತು, ಸೂಜಿ ಏರಿತು. ಮಳೆ ಹೊಸ್ತಿಲು ದಾಟಿ ನೆಲದ ಮೇಲೆ ಹರಿಯಿತು. ಅತ್ತೆ ಇಬ್ಬರ ನಡುವೆ ಕೂತು, ಪೋಣಿಸಿ ಇಟ್ಟಿದ್ದ ಸೂಜಿಗಳನ್ನು ಒಂದೊಂದಾಗಿ ಇಬ್ಬರಿಗೂ ಕೊಡುತ್ತ ಹೋದಳು.

ಮೊದಮೊದಲು ಹಿರಿಸೊಸೆಯ ಕೈ ಅತ್ತೆಯ ಕೈಯ ಹಾಗೇ ಓಡಿತು. ಜೀವ ಹಿಡಿದು ಹೊಲಿದಳು. ಅಷ್ಟರಲ್ಲಿ ಕಣ್ಣು, ಹಾಳಾದ್ದು, ಆ ಕಡೆ ಹೋಯಿತು. ಕಿರಿಯಳು ಮುಂದಿದ್ದಳು. ಅವಳ ಸಾಲು ಇವಳದ್ದಕ್ಕಿಂತ ಬೇಗ ನಡುವಿನ ಕಡೆಗೆ ಬರುತ್ತಿತ್ತು, ಮೇಲಾಗಿ ಒತ್ತಾಗಿಯೂ ಇತ್ತು. ಅತ್ತೆ ಅದನ್ನು ನೋಡುತ್ತಿದ್ದಾಳೆ ಎನ್ನಿಸಿತು. ಹಿರಿಸೊಸೆ ಕೈ ಬಿರುಸು ಮಾಡಿದಳು. ಬಿರುಸು ಮಾಡಿದರೆ ಹೊಲಿಗೆ ಉದ್ದವಾಗುತ್ತದೆ, ಉದ್ದವಾಯಿತು. ಅವಳಿಗೆ ಅದು ಕಂಡಿತು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ, ಹಿಂದೆ ಬೀಳಲು ಮನಸ್ಸಿರಲಿಲ್ಲ. ಇಬ್ಬರ ಸೂಜಿಯೂ ಒಂದೇ ಕಡೆ ಬಂದು ಕೂಡಿದಾಗ, ನಾನೂ ಅಷ್ಟೇ ದೂರ ಬಂದೆ ಎಂದು ಅವಳ ಮನಸ್ಸು ಒಂದು ಕ್ಷಣ ಹಿಗ್ಗಿತು.

"ಸಾಕು, ಬಂತು," ಎಂದಳು ಅತ್ತೆ. ಸೊಸೆಯರು ಹೊಲಿದ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು ಕಂಬಕ್ಕೆ ಒರಗಿದಳು. "ಅಲ್ಲಾಡಬ್ಯಾಡ್ರಿ. ಒಬ್ಬರ ಕೈ ಒಬ್ಬರು ಹಿಡಕೋರಿ."

ಸೊಸೆಯರು ಅಗಲ ಕೌದಿಯೊಳಗೆ ಹೊಕ್ಕರು. ಗಾಳಿ ಒಳಗೆ ಬಂತು. ಒಲೆಯ ಬೂದಿ ಕೆದಕಿತು. ತೊಟ್ಟಿಲು ತೂಗಿತು. ಥಳಥಳ ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಬಡಿಯಿತು. ಆಮೇಲೆ ಇವರ ಸುತ್ತ ತಿರುಗತೊಡಗಿತು. ಇರುವೆ ಸಾಲನ್ನು ಮುಟ್ಟಿತು, ಅಂಚನ್ನು ಮುಟ್ಟಿತು, ಅಂಚಿಗೆ ಕೂಡಿಸಿದ ಅಂಚನ್ನು ಮುಟ್ಟಿತು. ಕತ್ತಲೆಯಲ್ಲಿ ಕಿರಿಸೊಸೆಯ ಉಸಿರು ಹಿರಿಸೊಸೆಯ ಕತ್ತಿಗೆ ತಾಗುತ್ತಿತ್ತು. ಕೈ ಹಿಡಿದದ್ದು ಹೌದು. ಆದರೆ ಅಂಥ ಹೊತ್ತಿನಲ್ಲೂ ಹಿರಿಸೊಸೆ ಕೌದಿಯ ಅಂಚನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡಳು. ಇದು ನನಗೆ ಹೊಲಿದದ್ದು, ಇವಳಿಗೂ ಪಾಲು ಹೋಯಿತಲ್ಲ ಎಂದು ಅವಳಿಗೆ ಸಂಕಟವಾಯಿತು. ಎಳೆದದ್ದು ಕಿರಿಯಳಿಗೆ ತಿಳಿಯಿತೋ ಇಲ್ಲವೋ. ಅವಳು ಇನ್ನೂ ಹತ್ತಿರ ಸರಿದಳು.

ಗಾಳಿ ಕಂಬದ ಕಡೆಗೆ ಹೋಯಿತು. ಅಲ್ಲಿ ಬಹಳ ಹೊತ್ತು ನಿಂತಿತು. ಕೂಗು ಕೇಳಲಿಲ್ಲ, ಅಳು ಕೇಳಲಿಲ್ಲ. ಆಮೇಲೆ ಮನೆಯಲ್ಲಿ ಮಳೆಯ ಸದ್ದು ಮಾತ್ರ ಉಳಿಯಿತು.

ಅವರು ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಕಂಬದ ಹತ್ತಿರ ಅತ್ತೆ ಇರಲಿಲ್ಲ, ಕೌದಿ ಇತ್ತು. ಹಿರಿಸೊಸೆ ಓಡಿಹೋಗಿ ಅದನ್ನು ಎತ್ತಿಕೊಂಡಳು. ಎದೆಗೆ ಒತ್ತಿಕೊಳ್ಳುತ್ತಾಳೆ ಎಂದುಕೊಂಡಿರಾ? ಇಲ್ಲ. ಬಿಚ್ಚಿ ಹರವಿ, ಯಾರ ಕಡೆಯ ಹೊಲಿಗೆ ಹರಿದಿದೆ ಎಂದು ನೋಡಿದಳು. ದೇವರೇ, ಅವಳ ಕಡೆ ಹರಿದಿರಲಿ, ನನ್ನ ಕಡೆ ಬೇಡ ಎಂದು ಬೇಡಿಕೊಳ್ಳುತ್ತ ನೋಡಿದಳು. ಕಿರಿಸೊಸೆಯೂ ಎದುರು ತುದಿಗೆ ಬಗ್ಗಿ ಅದನ್ನೇ ಹುಡುಕುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ತುದಿಯಿಂದ ನಡುವಿನವರೆಗೆ ಬೆರಳಾಡಿಸುತ್ತ ಬಂದರು. ಒಂದು ಎಳೆ ಕೂಡ ಕಿತ್ತಿರಲಿಲ್ಲ.

"ಅಕ್ಕಾರ, ಇದು ಮಡಚಿತ್ತಲ್ಲ," ಎಂದಳು ಕಿರಿಸೊಸೆ. "ನೀವು ಎತ್ತಿದಾಗ ನಾಲ್ಕು ಮಡಿಕಿ ಮಡಚಿತ್ತು."

ಹೌದು, ಮಡಚಿತ್ತು. ಅಂಚಿಗೆ ಅಂಚು ಕೂಡಿಸಿ, ಒಳಮೈ ಮೇಲೆ ಮಾಡಿ, ದಿನಾ ಸಂಜೆ ಹೊಲಿಗೆ ಮುಗಿಸಿ ಮಡಚಿಡುವ ಹಾಗೆ.

"ಗಾಳಿ ಕೌದಿ ಮಡಚೂದಿಲ್ಲ," ಎಂದಳು ಕಿರಿಸೊಸೆ.

ಹಿರಿಸೊಸೆ ಕೂತಲ್ಲೇ ಕೂತಳು. ಸಂದು ಯಾರ ಕಡೆ ಇತ್ತು ಎಂಬುದನ್ನು ಗಾಳಿ ಮುಟ್ಟಿ ನೋಡುವ ಮೊದಲೇ ಅತ್ತೆ ಎದ್ದು, ಕೌದಿ ತೆಗೆದು, ಮಡಚಿ, ಕೆಳಗಿಟ್ಟು ಹೋಗಿದ್ದಳು. ಅತ್ತೆ ಹೋದದ್ದು ಇವಳಿಂದ ಎಂದು ಅವಳು, ಅವಳಿಂದ ಎಂದು ಇವಳು ಜೀವಮಾನವಿಡೀ ಹೇಳಿಕೊಂಡು ತಿರುಗಲು ಆಸ್ಪದ ಉಳಿಸಿರಲಿಲ್ಲ. ಹಿರಿಸೊಸೆ ಆ ಕೌದಿಗೆ ಮುಖ ಒತ್ತಿ ಗೋಳೋ ಎಂದು ಅತ್ತಳು.

ಊರವರು ಬಂದರು. ಎದುರು ಮನೆಯಾಕೆ ಬಂದವಳೇ ಕಿರಿಸೊಸೆಯನ್ನು ತಬ್ಬಿಕೊಂಡು, "ಎಷ್ಟು ಅಳತೀಯವಾ, ಕಣ್ಣು ಬಾತಾವಲ್ಲ," ಎಂದಳು. ಹಿರಿಸೊಸೆ ಅಳುತ್ತಲೇ ಅತ್ತ ನೋಡಿದಳು. ನಾನು ಇವಳಿಗಿಂತ ಜಾಸ್ತಿ ವರ್ಷ ಅತ್ತೆಯ ಜೊತೆ ಬಾಳಿದವಳು, ನನ್ನ ಕಣ್ಣು ಯಾರಿಗೂ ಕಾಣಲಿಲ್ಲವೇ ಎಂದುಕೊಂಡಳು. ಅಂದುಕೊಂಡ ಮರುಗಳಿಗೆಗೆ ತನ್ನ ಮೇಲೆ ತನಗೇ ಹೇಸಿಕೆ ಬಂತು. ಗಂಡಸರು ಕೆಳನಾಡಿನಿಂದ ಬಂದು, ಕೇಳಿ, ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತರು. ಯಾರ ಹೊಲಿಗೆ ಎಂದು ಅವರೂ ಕೇಳಲಿಲ್ಲ.

ವರ್ಷ ತಿರುಗಿತು. ಗಂಡಸರು ದನಕರು ಹೊಡೆದುಕೊಂಡು ಹೋದರು. ಆ ಮನೆಯಲ್ಲಿ ಗಡಿಗೆ ಇಳಿಸುವ ಕೆಲಸ ಇರಲಿಲ್ಲ. ಇಬ್ಬರೇ ಇದ್ದರು. ಒಬ್ಬಳು ಹೊಲಿಯುವುದು ಇನ್ನೊಬ್ಬಳಿಗೇ, ಇನ್ನೊಬ್ಬಳು ಹೊಲಿಯುವುದು ಇವಳಿಗೇ. ಅದರಲ್ಲಿ ಅಡಗಿಸಲು ಏನೂ ಇರಲಿಲ್ಲ. ಹಿರಿಸೊಸೆ ಒಂದು ಕಂಬಕ್ಕೆ, ಕಿರಿಸೊಸೆ ಎದುರು ಕಂಬಕ್ಕೆ ಒರಗಿ ಕೂತು, ಬೆಳಗಿನ ರೊಟ್ಟಿ ಮುಗಿಸಿ, ಸಂಜೆಯ ದೀಪದವರೆಗೆ ಹೊಲಿಯುತ್ತಿದ್ದರು. ಮಾತು ಕಡಿಮೆ. ಹಾಗೆಂದು ಪ್ರೀತಿ ಉಕ್ಕಿ ಹರಿಯಿತು ಎಂದೇನೂ ತಿಳಿಯಬೇಡಿ.

ಒಂದು ಮಧ್ಯಾಹ್ನ ಹಿರಿಸೊಸೆ ದಾರ ಕಡಿಯುತ್ತ ತಲೆ ಎತ್ತಿದಳು. ಕಿರಿಸೊಸೆಯ ಮಡಿಲಲ್ಲಿ ಕೌದಿ ಅರ್ಧಕ್ಕಿಂತ ಹೆಚ್ಚು ಬೆಳೆದಿತ್ತು. ಅದರ ಮೇಲೆ ಹೊಲಿಗೆ ಸಣ್ಣಸಣ್ಣದಾಗಿ, ಒತ್ತೊತ್ತಾಗಿ, ಇರುವೆ ಸಾಲಿನ ಹಾಗೆ ಹೋಗುತ್ತಿತ್ತು. ಅತ್ತೆಯ ಕೈ ಅದು. ಆ ಕೈ ತನಗೆ ಬರಬೇಕಿತ್ತು, ಇವಳಿಗೆ ಬಂದಿತ್ತು.

"ಏನು ನೋಡಾಕತ್ತೀರಿ ಅಕ್ಕಾರ?" ಎಂದಳು ಕಿರಿಸೊಸೆ.

"ನಿನ್ನ ಹೊಲಿಗಿ ನನ್ನವಕ್ಕಿಂತ ಛಲೋ ಅದಾವ," ಎಂದಳು ಹಿರಿಸೊಸೆ. ಅವಳು ಆ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳದೆ ಬಾಯಿಂದ ಆಡಿದ್ದು ಅದೇ ಮೊದಲು.

"ನಿಮಗ ಅಲ್ಲೇನ್ರಿ ಅದು," ಎಂದಳು ಕಿರಿಸೊಸೆ, ಸೂಜಿ ನಿಲ್ಲಿಸದೆ.

ಹಿರಿಸೊಸೆಯ ಕಿಚ್ಚು ಇನ್ನೂ ಉರಿಯುತ್ತಲೇ ಇತ್ತು. ತನ್ನ ಮಡಿಲಲ್ಲಿದ್ದ ಕೌದಿಯನ್ನು ಬೆಳಕಿಗೆ ಹಿಡಿದು, ಬೆಳಗಿನಿಂದ ಹಾಕಿದ ಸಾಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಆ ಸಾಲನ್ನು ಪೂರಾ ಬಿಚ್ಚಿ, ಕಿರಿಯಳಿಗಾಗಿ ಮೊದಲಿನಿಂದ ಹೊಲಿಯತೊಡಗಿದಳು.